ಹಗುರ ಕಾರು, ತೆಳು ತಗಡು

ಹಿಂಬದಿಯಲ್ಲಿ ಬೇರೆಯಾಗಿ ಚಾಚಿಕೊಂಡ ಡಿಕ್ಕಿ ಇಲ್ಲದೆ, ಗಾಜಿನ ಸಮೇತ ಹಿಂಬಾಗಿಲೇ ಮೇಲಕ್ಕೆ ತೆರೆದುಕೊಳ್ಳುವ ಚಿಕ್ಕ ಕಾರಿಗೆ ಹ್ಯಾಚ್‌ಬ್ಯಾಕ್ ಎಂದು ಹೆಸರು. 1983ರ ಕೊನೆಯಿಂದ 2014ರವರೆಗೆ ನಮ್ಮ ದೇಶದಲ್ಲಿ ತಯಾರಾದ ಮಾರುತಿ 800 ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಸಂಸಾರ ಸಮೇತ ಊರಿಗೆ ಹೋಗಿಬರಲು, ಸಂತೆಯ ಸಾಮಾನು ತುಂಬಲು ಅನುಕೂಲವಾದ, ಕಡಿಮೆ ಪೆಟ್ರೋಲ್ ಕುಡಿಯುವ ವಾಹನ. ಇಂಥ ಕಾರಿಗೆ ಅದರ ಗಾತ್ರಕ್ಕೆ ಮೀರಿದ ಎಂಜಿನ್ ಕೂರಿಸಿದರೆ ಏನಾಗುತ್ತದೆ? 1970ರ ದಶಕದ ಯೂರೋಪಿನಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರವೇ ‘ಹಾಟ್ ಹ್ಯಾಚ್’.

ಆ ಕಾಲದ ಕಾರುಗಳನ್ನು ಹುಡುಕಿಕೊಂಡು ಹೋಗಿ ಕೊಳ್ಳುವವರು ಇಂದಿಗೂ ಜರ್ಮನಿ, ಬ್ರಿಟನ್, ಫ್ರಾನ್ಸ್‌ಗಳಲ್ಲಿ ಸಾಕಷ್ಟು ಜನ ಇದ್ದಾರೆ. ವೇಗಕ್ಕೆ ಹೆಸರಾದ ಕಾರು ಕೊಳ್ಳುವವರು ಮೊದಲು ಎಂಜಿನ್ ನೋಡುತ್ತಾರೆ ಎಂದು ನೀವು ಊಹಿಸಬಹುದು. ಅನುಭವಸ್ಥರು ಹಾಗೆ ಮಾಡುವುದಿಲ್ಲ. ಅವರು ಮೊದಲು ನೆಲಕ್ಕೆ ಮೈಚಾಚಿ ಮಲಗಿ ಕಾರಿನ ಅಡಿಯ ತಗಡನ್ನು ಪರೀಕ್ಷಿಸುತ್ತಾರೆ. ಏಕೆಂದು ತಿಳಿಯಬೇಕಾದರೆ ಈ ಕಾರುಗಳು ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು.

ಐದು ಸಾವಿರ ಸಾಕೆಂದುಕೊಂಡ ಕಾರು

1974 ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಗೆ ಕಷ್ಟದ ವರ್ಷ. ಹಿಂದುಗಡೆ ಎಂಜಿನ್ ಇದ್ದ, ಗಾಳಿಯಿಂದ ತಣಿಯುವ ‘ಬೀಟಲ್’ ಕಾರಿನ ಕಾಲ ಮುಗಿಯುತ್ತ ಬಂದಿತ್ತು. 1973ರ ತೈಲ ಬಿಕ್ಕಟ್ಟು ಮಾರಾಟವನ್ನು ಕುಗ್ಗಿಸಿತ್ತು. ಕಂಪನಿ ಭಾರಿ ನಷ್ಟದಲ್ಲಿತ್ತು. ಆ ವರ್ಷ ಹೊರಬಂದ ‘ಗಾಲ್ಫ್’ ಬೀಟಲ್‌ಗಿಂತ ಎಲ್ಲ ವಿಧದಲ್ಲೂ ಬೇರೆ: ಇಟಲಿಯ ಜೊರ್ಜೆಟ್ಟೊ ಜುಜಾರೊ ರೂಪಿಸಿದ ಚೌಕಾಕಾರದ ಮೈ, ಮುಂದುಗಡೆ ಅಡ್ಡಲಾಗಿ ಕೂರಿಸಿದ, ನೀರಿನಿಂದ ತಣಿಯುವ ಎಂಜಿನ್, ಮುಂಚಕ್ರಗಳಿಗೇ ಚಾಲನೆ. ಎಂಜಿನ್, ಗೇರ್‌ಪೆಟ್ಟಿಗೆ, ಚಾಲಕ ಚಕ್ರಗಳು ಎಲ್ಲವೂ ಒಂದೇ ಕಡೆ ಇದ್ದುದರಿಂದ ಹಿಂದಕ್ಕೆ ಹೋಗುವ ಉದ್ದನೆಯ ಚಾಲಕದಂಡ ಬೇಕಿರಲಿಲ್ಲ. ತೂಕ ಉಳಿಯಿತು, ಒಳಗೆ ಜಾಗವೂ ಸಿಕ್ಕಿತು. ಆರಂಭದ ಅಗ್ಗದ ಮಾದರಿಯ ಎಂಜಿನ್ನಿನ ಸಾಮರ್ಥ್ಯ 50 ಅಶ್ವಶಕ್ತಿ ಮಾತ್ರ.

ಇದೇ ಕಾರಿನಿಂದ ಒಂದು ‘ಸ್ಪೋರ್ಟ್ ಗಾಲ್ಫ್’ ಮಾಡಬಹುದೆಂದು ಕಂಪನಿಯ ಪರೀಕ್ಷಣಾ ಎಂಜಿನಿಯರ್ ಆಲ್ಫೋನ್ಸ್ ಲೋವೆನ್‌ಬರ್ಗ್ ಮತ್ತು ಅವರ ಕೆಲವು ಸಹೋದ್ಯೋಗಿಗಳಿಗೆ ಅನ್ನಿಸಿತು. ಮೇಲಿನವರ ಅಪ್ಪಣೆಗೆ ಕಾಯದೆ, ಆಫೀಸಿನ ಕೆಲಸದ ಜೊತೆಜೊತೆಗೇ ಅವರು ಪ್ರಯೋಗ ನಡೆಸಿದರು. ಕೊನೆಗೆ ಆಡಳಿತ ಒಪ್ಪಿತು. 1975ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ‘ಗಾಲ್ಫ್ ಜಿಟಿಐ’ ಜನರ ಮುಂದೆ ಬಂತು. 1976ರ ಬೇಸಿಗೆಯಲ್ಲಿ ಮಾರಾಟ ಆರಂಭವಾಯಿತು. ಸ್ಪರ್ಧೆಗಳಲ್ಲಿ ಭಾಗವಹಿಸಲು ಮಾನ್ಯತೆ ಸಿಗುವಷ್ಟು, ಅಂದರೆ 5,000 ಕಾರು ಮಾರಾಟವಾದರೆ ಸಾಕು ಎಂಬುದು ಕಂಪನಿಯ ಲೆಕ್ಕ. ಆ ಮೊದಲ ತಲೆಮಾರಿನ ಜಿಟಿಐಗಳು ಒಟ್ಟು ತಯಾರಾದದ್ದು 4,60,000ಕ್ಕೂ ಹೆಚ್ಚು!

ಇದೇ ಮೊದಲನೆಯದೇ ಎಂದು ಕೇಳಿದರೆ ಅಲ್ಲ ಎನ್ನಬೇಕಾಗುತ್ತದೆ. ಇಟಲಿಯ ಆಟೋಬಿಯಾಂಕಿ ಎ112 ಅಬಾರ್ತ್, ಫ್ರಾನ್ಸಿನ ಸಿಮ್ಕಾ 1100 ಟಿಐ ಅದಕ್ಕೂ ಮೊದಲೇ ಇದ್ದವು. ಆದರೆ ದಾರಿ ತೋರಿಸಿದವನಿಗಿಂತ ಆ ದಾರಿಯಲ್ಲಿ ಜನರನ್ನು ಕರೆದೊಯ್ದವನ ಹೆಸರೇ ಚರಿತ್ರೆಯಲ್ಲಿ ಹೆಚ್ಚು ಉಳಿಯುತ್ತದೆ.

ಪ್ರತಿ ಕಿಲೋಗ್ರಾಮಿಗೆ ನೂರು ವಾಟ್

ಮೊದಲ ಜಿಟಿಐನ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಪ್ರತಿಯೊಂದರ ಒಳವ್ಯಾಸ 79.5 ಮಿ.ಮೀ., ಪಿಸ್ಟನ್ ಚಲಿಸುವ ದೂರ 80 ಮಿ.ಮೀ. ಸಿಲಿಂಡರಿನ ಘನಫಲದ ಸೂತ್ರ ಬಳಸಿ ನಾಲ್ಕರಿಂದ ಗುಣಿಸಿ ನೋಡಿ. ಕಂಪನಿ ಹೇಳುತ್ತಿದ್ದ 1588 ಘನ ಸೆಂ.ಮೀ. ಸರಿಯಾಗಿ ಬರುತ್ತದೆ. ಇದರ ಗರಿಷ್ಠ ಸಾಮರ್ಥ್ಯ 110 ಅಶ್ವಶಕ್ತಿ, ಅಂದರೆ 81 ಕಿಲೋವಾಟ್. ಕಾರಿನ ತೂಕ 810 ಕಿ.ಗ್ರಾಂ. ಭಾಗಿಸಿದರೆ ಪ್ರತಿ ಕಿ.ಗ್ರಾಂಗೆ ಸರಿಯಾಗಿ 100 ವಾಟ್. ಸುಮಾರು 650 ಕಿ.ಗ್ರಾಂ ತೂಕ, 37 ಅಶ್ವಶಕ್ತಿಯ ನಮ್ಮ ಮಾರುತಿ 800ಕ್ಕೆ ಇದೇ ಲೆಕ್ಕ ಹಾಕಿದರೆ 42 ವಾಟ್ ಬರುತ್ತದೆ.

ಇನ್ನೊಂದು ಲೆಕ್ಕವನ್ನೂ ತರಗತಿಯಲ್ಲಿ ಮಾಡಿಸಬಹುದು. 75 ಕಿ.ಗ್ರಾಂ ತೂಕದ ಚಾಲಕನೂ ಸೇರಿ 885 ಕಿ.ಗ್ರಾಂ ರಾಶಿ ಗಂಟೆಗೆ 100 ಕಿ.ಮೀ. ವೇಗ ಪಡೆಯಲು ಬೇಕಾದ ಚಲನಶಕ್ತಿ ಸುಮಾರು 3,42,000 ಜೂಲ್. ಎಂಜಿನ್ ಮೊದಲ ಕ್ಷಣದಿಂದಲೇ ತನ್ನ ಪೂರ್ಣ 81 ಕಿಲೋವಾಟ್ ಕೊಟ್ಟರೆ 4.2 ಸೆಕೆಂಡಿನಲ್ಲಿ ಈ ವೇಗ ಬರಬೇಕು. ವಾಸ್ತವವಾಗಿ ಜಿಟಿಐಗೆ ಬೇಕಾಗುತ್ತಿದ್ದದ್ದು ಸುಮಾರು 9 ಸೆಕೆಂಡು. ಉಳಿದ ಸಮಯ ಎಲ್ಲಿ ಹೋಯಿತು? ಆ 81 ಕಿಲೋವಾಟ್ ದೊರೆಯುವುದು ಎಂಜಿನ್ ನಿಮಿಷಕ್ಕೆ 6,100 ಸುತ್ತು ತಿರುಗುವಾಗ ಮಾತ್ರ. ಗೇರ್ ಬದಲಿಸುವಾಗ ಒಂದಿಷ್ಟು ಕ್ಷಣ ಸಾಮರ್ಥ್ಯ ಚಕ್ರ ತಲುಪುವುದೇ ಇಲ್ಲ. ಹೊರಡುವಾಗ ಟೈರು ಜಾರುತ್ತದೆ. ವೇಗ ಏರಿದಂತೆ ಗಾಳಿಯ ತಡೆ ಹೆಚ್ಚುತ್ತದೆ. ಇಷ್ಟಾದರೂ 9 ಸೆಕೆಂಡು ಆ ಕಾಲಕ್ಕೆ ದುಬಾರಿ ಸ್ಪೋರ್ಟ್ಸ್ ಕಾರುಗಳ ಲೆಕ್ಕ. ಗರಿಷ್ಠ ವೇಗ ಗಂಟೆಗೆ 182 ಕಿ.ಮೀ.

ಇಲ್ಲಿ ಗಮನಿಸಬೇಕಾದದ್ದು ಛೇದದಲ್ಲಿರುವ ಸಂಖ್ಯೆ. 1991ರಲ್ಲಿ ಬಂದ ಮೂರನೆಯ ತಲೆಮಾರಿನ ಗಾಲ್ಫ್ ಜಿಟಿಐಗೆ 2 ಲೀಟರ್ ಎಂಜಿನ್, 115 ಅಶ್ವಶಕ್ತಿ. ಆದರೆ ತೂಕ ಸಾವಿರ ಕಿ.ಗ್ರಾಂ ದಾಟಿತ್ತು, ಪ್ರತಿ ಕಿ.ಗ್ರಾಂಗೆ ಸಿಕ್ಕಿದ್ದು 85 ವಾಟ್‌ಗೂ ಕಡಿಮೆ. 2020ರ ಎಂಟನೆಯ ತಲೆಮಾರಿಗೆ 245 ಅಶ್ವಶಕ್ತಿ ಇದ್ದರೂ ತೂಕ 1,400 ಕಿ.ಗ್ರಾಂ ಮೀರಿದ್ದರಿಂದ ಅನುಪಾತ 120 ವಾಟಿನ ಆಸುಪಾಸಿನಲ್ಲಿ ನಿಂತಿದೆ. ಅಂದರೆ ಸಾಮರ್ಥ್ಯ ಎರಡು ಪಟ್ಟಿಗಿಂತ ಹೆಚ್ಚಾದರೂ ಅನುಪಾತ ಏರಿದ್ದು ಐದನೆಯ ಒಂದು ಭಾಗದಷ್ಟು ಮಾತ್ರ. ಜೊತೆಗೆ, ತಿರುವಿನಲ್ಲಿ ಮತ್ತು ಬ್ರೇಕಿನಲ್ಲಿ ಕಡಿಮೆ ರಾಶಿಯ ಲಾಭವನ್ನು ಎಂಜಿನ್ ತುಂಬಿಕೊಡಲಾರದು. ಹಳೆಯ ಹಾಟ್ ಹ್ಯಾಚ್ ಓಡಿಸಿದವರು ಅದನ್ನು ‘ಜೀವಂತ’ ಎಂದು ಹೊಗಳುವುದು ಈ ಹಗುರತನವನ್ನೇ.

ಹೆಚ್ಚಿದ ತೂಕವೆಲ್ಲ ವ್ಯರ್ಥವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅದರಲ್ಲಿ ಒಂದು ಪಾಲು ಬಾಗಿಲೊಳಗಿನ ಉಕ್ಕಿನ ಅಡ್ಡಪಟ್ಟಿ, ಗಾಳಿಚೀಲ, ಬ್ರೇಕು ಹಾಕಿದಾಗ ಚಕ್ರ ಸ್ತಬ್ಧವಾಗದಂತೆ ತಡೆಯುವ ವ್ಯವಸ್ಥೆ, ಅಪಘಾತದಲ್ಲಿ ಮಡಚಿಕೊಂಡು ಶಕ್ತಿ ಹೀರುವ ಭಾಗಗಳು. 1976ರ ಕಾರಿನಲ್ಲಿ ಗಾಳಿಚೀಲವೂ ಇಲ್ಲ, ಆ ಬ್ರೇಕು ವ್ಯವಸ್ಥೆಯೂ ಇಲ್ಲ. ಯೂರೋಪಿನಲ್ಲಿ ಹೊಸ ಕಾರುಗಳನ್ನು ಡಿಕ್ಕಿ ಹೊಡೆಸಿ ನಕ್ಷತ್ರ ಕೊಡುವ ಪರೀಕ್ಷೆ ಶುರುವಾದದ್ದೇ 1997ರಲ್ಲಿ. ಹಾಗಾಗಿ ಹಳೆಯ ಜಿಟಿಐಯನ್ನು ಹೊಗಳುವ ಉತ್ಸಾಹದಲ್ಲಿ ಅದನ್ನು ದಿನನಿತ್ಯ ಮಕ್ಕಳನ್ನು ಶಾಲೆಗೆ ಬಿಡುವ ಕಾರೆಂದು ಯಾರಿಗೂ ಸೂಚಿಸಲಾಗದು.

ಗಣಕವಿಲ್ಲದ ಇಂಧನ ವ್ಯವಸ್ಥೆ

ಜಿಟಿಐ ಹೆಸರಿನ ಕೊನೆಯ ‘ಐ’ ಅಕ್ಷರ ಇಂಜೆಕ್ಷನ್ ಎಂಬುದರ ಸಂಕೇತ. ಕಾರ್ಬುರೇಟರ್ ಬದಲು ಅದರಲ್ಲಿ ಬಾಷ್ ಕಂಪನಿಯ ‘ಕೆ-ಜೆಟ್ರಾನಿಕ್’ ಇತ್ತು. (ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆ ಬಲ್ಲವರಿಗೆ ಬಾಷ್ ಅಪರಿಚಿತವಲ್ಲ. 1951ರಲ್ಲಿ ಸ್ಥಾಪನೆಯಾಗಿ ಬಾಷ್ ತಂತ್ರಜ್ಞಾನದಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪು ಮಾಡುತ್ತಿದ್ದ ಮೈಕೊ 2008ರಲ್ಲಿ ಬಾಷ್ ಎಂದೇ ಹೆಸರು ಬದಲಿಸಿಕೊಂಡಿತು.) ಇಂದಿನ ಕಾರುಗಳಲ್ಲಿ ಎಷ್ಟು ಪೆಟ್ರೋಲ್ ಚಿಮ್ಮಬೇಕೆಂದು ಗಣಕ ನಿರ್ಧರಿಸುತ್ತದೆ. ಕೆ-ಜೆಟ್ರಾನಿಕ್‌ನಲ್ಲಿ ಆ ನಿರ್ಧಾರ ಪೂರ್ತಿ ಯಾಂತ್ರಿಕ. ಎಂಜಿನ್ ಎಳೆದುಕೊಳ್ಳುವ ಗಾಳಿ ಒಂದು ತಟ್ಟೆಯನ್ನು ಮೇಲೆತ್ತುತ್ತದೆ. ತಟ್ಟೆಗೆ ಸೇರಿದ ಸನ್ನೆ ಒಂದು ಸಣ್ಣ ಕೊಂತವನ್ನು ತಳ್ಳುತ್ತದೆ. ಕೊಂತ ಮೇಲೇರಿದಷ್ಟೂ ಕೂದಲೆಳೆಯಂಥ ಸೀಳುಗಳು ಹೆಚ್ಚು ತೆರೆದು, ವಾತಾವರಣದ ಸುಮಾರು ಐದು ಪಟ್ಟು ಒತ್ತಡದಲ್ಲಿರುವ ಪೆಟ್ರೋಲ್ ನಾಲ್ಕೂ ಸಿಲಿಂಡರ್‌ಗಳ ಕಡೆಗೆ ಎಡೆಬಿಡದೆ ಸಿಂಪಡಣೆಯಾಗುತ್ತದೆ. ‘ಕೆ’ ಎಂದರೆ ಜರ್ಮನ್ ಭಾಷೆಯಲ್ಲಿ ‘ನಿರಂತರ’ ಎಂಬ ಪದದ ಮೊದಲಕ್ಷರ. ಎಂಜಿನ್ ತಣ್ಣಗಿರುವಾಗ ಹೆಚ್ಚು ಪೆಟ್ರೋಲ್ ಬೇಕಲ್ಲವೇ? ಅದಕ್ಕೆ ನೀವು ಪ್ರಯೋಗಾಲಯದಲ್ಲಿ ನೋಡುವ ದ್ವಿಲೋಹ ಪಟ್ಟಿಯೇ ಸಾಕು: ಬಿಸಿಯಾದಂತೆ ಅದು ಬಾಗಿ ಒತ್ತಡವನ್ನು ಹೊಂದಿಸುತ್ತದೆ.

ಒಂದು ಕಿ.ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿ.ಗ್ರಾಂ ಗಾಳಿ ಬೇಕು. ತಟ್ಟೆ ಅಳೆದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಹೋಗುತ್ತದೆ. ತಟ್ಟೆ ದಾಟಿದ ಮೇಲೆ ರಬ್ಬರ್ ಕೊಳವೆಯಲ್ಲಿ ಒಂದು ಬಿರುಕಿದ್ದರೆ ಅಲ್ಲಿಂದ ನುಗ್ಗುವ ಗಾಳಿ ಅಳತೆಗೇ ಸಿಗುವುದಿಲ್ಲ, ಎಂಜಿನ್ ಮುಗ್ಗರಿಸುತ್ತದೆ. ನಲವತ್ತು ವರ್ಷದ ರಬ್ಬರಿನಲ್ಲಿ ಬಿರುಕು ಇರದಿದ್ದರೇ ಆಶ್ಚರ್ಯ. ‘ಎಂಜಿನ್ ಕೆಟ್ಟಿದೆ’ ಎಂದು ಅಗ್ಗಕ್ಕೆ ಮಾರಾಟವಾದ ಕಾರಿನ ನಿಜವಾದ ರೋಗ ಕೆಲವೊಮ್ಮೆ ಇಷ್ಟೇ ಇರುತ್ತದೆ. ಇನ್ನೊಂದು ಅಪಾಯ ಎಥನಾಲ್. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥನಾಲ್ ಬೆರೆಸುತ್ತಿದ್ದಾರೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಅದಕ್ಕಾಗಿ ತಯಾರಾಗದ ಹಳೆಯ ರಬ್ಬರನ್ನು ಕೆಡಿಸುತ್ತದೆ. ಹೆಚ್ಚು ಓಡದೆ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ನಿಂತ ಕಾರು ಹೆಚ್ಚು ಓಡಿದ ಕಾರಿಗಿಂತ ಕೆಟ್ಟದಾಗಿರಲು ಸಾಧ್ಯ ಎಂದು ಬಲ್ಲವರು ಹೇಳುವುದು ಇದಕ್ಕೇ. ಮೀಟರಿನಲ್ಲಿ ಕಡಿಮೆ ಕಿ.ಮೀ. ತೋರಿಸುತ್ತಿದೆ ಎಂದು ಹಿಗ್ಗುವಂತಿಲ್ಲ.

ಆದರೂ ಎಂಜಿನ್, ಪಂಪು, ಕೊಳವೆ ಇವೆಲ್ಲ ಬಿಚ್ಚಿ ಬದಲಿಸಬಹುದಾದ ಭಾಗಗಳು. ಬಿಚ್ಚಿ ಬದಲಿಸಲಾಗದ್ದು ಮೈ.

ತುಕ್ಕು ಎಲ್ಲಿಂದ ಶುರುವಾಗುತ್ತದೆ?

ಲಾರಿಗೆ ಇರುವಂಥ ಪ್ರತ್ಯೇಕ ಚಾಸಿ ಇಂಥ ಕಾರುಗಳಿಗೆ ಇಲ್ಲ. ಒಂದು ಮಿಲಿಮೀಟರಿಗೂ ತೆಳ್ಳಗಿನ ಉಕ್ಕಿನ ತಗಡುಗಳನ್ನು ಮಡಚಿ, ಬೆಸೆದು ಮಾಡಿದ ಪೆಟ್ಟಿಗೆಯೇ ಭಾರ ಹೊರುತ್ತದೆ. ಮಡಿಸಿದ ಕಾಗದ ನೆಟ್ಟಗೆ ನಿಲ್ಲುವ ಹಾಗೆ ಬಲ ಬರುವುದು ಆಕಾರದಿಂದ, ದಪ್ಪದಿಂದಲ್ಲ. 810 ಕಿ.ಗ್ರಾಂ ಸಾಧ್ಯವಾದದ್ದೇ ಹೀಗೆ. ಆದರೆ ತಗಡು ತೆಳುವಾದಷ್ಟೂ ತುಕ್ಕು ಅದನ್ನು ತಿಂದು ಮುಗಿಸಲು ಬೇಕಾಗುವ ಕಾಲವೂ ಕಡಿಮೆ. ವೇಗಕ್ಕೆ ಕಾರಣವಾದ ಗುಣವೇ ಆಯುಸ್ಸಿಗೆ ಮುಳುವಾಯಿತು.

ಕಬ್ಬಿಣ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು. ಉಪ್ಪು ಸೇರಿದರೆ ನೀರು ಒಳ್ಳೆಯ ವಿದ್ಯುದ್ವಿಭಾಜ್ಯವಾಗಿ ಕ್ರಿಯೆ ಚುರುಕಾಗುತ್ತದೆ. ಕಾರವಾರ, ಮಂಗಳೂರುಗಳ ಕಡಲ ಗಾಳಿಯಲ್ಲಿ ಸೈಕಲ್ ಬೇಗ ತುಕ್ಕು ಹಿಡಿಯುವುದನ್ನು ಆ ಕಡೆಯವರು ಬಲ್ಲರು. ಉತ್ತರ ಯೂರೋಪಿನಲ್ಲಿ ಕಡಲು ಹತ್ತಿರ ಇರಬೇಕೆಂದೇ ಇಲ್ಲ. ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಲೆಂದು ಉಪ್ಪನ್ನೇ ಸುರಿಯುತ್ತಾರೆ. ಚಕ್ರ ಎರಚುವ ಉಪ್ಪುನೀರು ಕಾರಿನ ಅಡಿಯ ಪ್ರತಿ ಸಂದಿಗೂ ಹೋಗುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತು ಬೆಸೆದ ಕಡೆ ನೀರು ನಿಲ್ಲುತ್ತದೆ, ಬಣ್ಣ ತಲುಪಿರುವುದಿಲ್ಲ. ಅಲ್ಲಿ ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ತಗಡುಗಳನ್ನು ಒತ್ತರಿಸಿ ಬೇರೆ ಮಾಡುತ್ತದೆ. ಆ ಸಂದಿಗೆ ಇನ್ನಷ್ಟು ನೀರು. ಹೊರಗಿನ ಬಣ್ಣದ ಮೇಲೆ ಒಂದು ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗೆ ಅರ್ಧ ಕೆಲಸ ಮುಗಿದಿರುತ್ತದೆ.

ಹಾಗಾಗಿ ಮೊದಲ ತಲೆಮಾರಿನ ಗಾಲ್ಫ್ ನೋಡುವವರು ಬಾಗಿಲ ಕೆಳಗಿನ ಹೊಸ್ತಿಲು, ಚಕ್ರದ ಕಮಾನು, ಮುಂಗಾಜಿನ ಅಂಚು, ಮುಂದಿನ ಸ್ಪ್ರಿಂಗು ಮೈಗೆ ಸೇರುವ ಜಾಗ, ಜಾಕ್ ಕೊಡುವ ಜಾಗ ಇವನ್ನು ಕೈಯಿಂದ ಒತ್ತಿ, ತಟ್ಟಿ ನೋಡುತ್ತಾರೆ. ಈ ಕಾರಿಗೇ ವಿಶೇಷವಾದ ಇನ್ನೊಂದು ತಾಣ ಪೆಟ್ರೋಲ್ ತುಂಬುವ ಕೊಳವೆ. ಹಿಂಚಕ್ರದ ಕಮಾನಿನೊಳಗೆ ಹಾದುಹೋಗುವ ಈ ಉಕ್ಕಿನ ಕೊಳವೆ ಕೆಸರು, ಉಪ್ಪು ಮೆತ್ತಿ ತೂತಾಗುತ್ತದೆ. ತುಕ್ಕಿನ ಪುಡಿ, ನೀರು ಎರಡೂ ಟ್ಯಾಂಕಿಗೆ ಬೀಳುತ್ತವೆ. ಅಲ್ಲಿಂದ ಮುಂದೆ ಇರುವುದು ಆ ಕೂದಲೆಳೆಯಷ್ಟು ಸಣ್ಣ ಸೀಳುಗಳ ಕೆ-ಜೆಟ್ರಾನಿಕ್! ಒಂದು ಸಾಧಾರಣ ಕೊಳವೆಯನ್ನು ಕಾಲಕ್ಕೆ ಸರಿಯಾಗಿ ಬದಲಿಸದವರು ಇಡೀ ಇಂಧನ ವ್ಯವಸ್ಥೆಗೆ ದುಡ್ಡು ತೆತ್ತ ಕಥೆಗಳು ಈ ಕಾರಿನ ಬಳಗದಲ್ಲಿ ಸಾಮಾನ್ಯ.

ತಯಾರಕರಿಗೂ ಪಾಠ ತಿಳಿಯಿತು. ಉಕ್ಕಿನ ಮೇಲೆ ಸತುವಿನ ಲೇಪ ಇದ್ದರೆ, ಕಬ್ಬಿಣಕ್ಕಿಂತ ಹೆಚ್ಚು ಕ್ರಿಯಾಶೀಲವಾದ ಸತು ತಾನು ಮೊದಲು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಲೇಪಕ್ಕೆ ಗೀರು ಬಿದ್ದರೂ ಈ ರಕ್ಷಣೆ ಮುಂದುವರಿಯುತ್ತದೆ. 1997ರ ನಾಲ್ಕನೆಯ ತಲೆಮಾರಿನ ಗಾಲ್ಫ್‌ನ ಮೈಗೆ ಪೂರ್ತಿಯಾಗಿ ಸತು ಲೇಪಿಸಿ, ತುಕ್ಕಿನ ತೂತಿನ ವಿರುದ್ಧ 12 ವರ್ಷಗಳ ಭರವಸೆ ಕೊಟ್ಟರು.

ಬ್ರಿಟನ್ನಿನ ಅನುಭವ

ನಮ್ಮಂತೆ ರಸ್ತೆಯ ಎಡಬದಿಯಲ್ಲಿ ಓಡಿಸುವ ಬ್ರಿಟನ್ನಿಗೆ ಬಲಗಡೆ ಸ್ಟಿಯರಿಂಗ್ ಇರುವ ಜಿಟಿಐ ಬಂದದ್ದು 1979ರಲ್ಲಿ. ಸ್ಟಿಯರಿಂಗ್ ಜೊತೆ ಬ್ರೇಕ್ ಪೆಡಲೂ ಬಲಕ್ಕೆ ಬಂತು; ಆದರೆ ಬ್ರೇಕಿನ ಒತ್ತಡ ಹೆಚ್ಚಿಸುವ ಸಾಧನ ಎಡಗಡೆಯೇ ಉಳಿಯಿತು. ನಡುವೆ ಅಡ್ಡಲಾಗಿ ಸನ್ನೆಗಳ ಸರಣಿ. ಪ್ರತಿ ಕೀಲಿನಲ್ಲೂ ಸ್ವಲ್ಪ ಸಡಿಲ, ಒತ್ತಿದಾಗ ತಗಡೂ ಸ್ವಲ್ಪ ಬಾಗುತ್ತದೆ. ಹೀಗಾಗಿ ಬಲಗಡೆ ಸ್ಟಿಯರಿಂಗಿನ ಹಳೆಯ ಗಾಲ್ಫ್‌ನ ಬ್ರೇಕು ಮೆತ್ತಗೆ ಎಂಬ ದೂರು ಇಂದಿಗೂ ಇದೆ. ಓಡಿಸಿ ನೋಡದೆ ಕೊಳ್ಳಬಾರದೆನ್ನಲು ಇದೂ ಒಂದು ಕಾರಣ.

1984ರಲ್ಲಿ ಫ್ರಾನ್ಸಿನ ಪೂಜೊ 205 ಜಿಟಿಐ ಬಂತು. 1986ರಲ್ಲಿ ಸೇರಿದ ಅದರ 1.9 ಲೀಟರ್ ಮಾದರಿಗೆ 130 ಅಶ್ವಶಕ್ತಿ. ತೂಕ 900 ಕಿ.ಗ್ರಾಂ ಒಳಗೆ. ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಇದರ ಹಿಂಭಾಗ ಹೊರಕ್ಕೆ ಜಾರುವುದು ಕುಖ್ಯಾತ. ಕಾಲು ತೆಗೆದ ಕ್ಷಣ ಕಾರು ನಿಧಾನವಾಗಿ ಭಾರ ಮುಂಚಕ್ರಗಳ ಮೇಲೆ ಬೀಳುತ್ತದೆ. ಹಿಂಚಕ್ರಗಳ ಮೇಲಿನ ಲಂಬ ಬಲ ಕಡಿಮೆಯಾಗಿ ಘರ್ಷಣೆಯೂ ಕುಗ್ಗುತ್ತದೆ. ನಿಪುಣರಿಗೆ ಇದು ಆಟ, ಅನನುಭವಿಗಳಿಗೆ ಹಳ್ಳ. 205 ಕೊಳ್ಳುವವರಿಗೆ ಒಂದು ಸುಲಭ ಪರೀಕ್ಷೆ ಇದೆ. ಹಿಂದೆ ನಿಂತು ಹಿಂಚಕ್ರಗಳನ್ನು ನೋಡಬೇಕು. ಅವುಗಳ ಮೇಲ್ತುದಿಗಳು ಒಳಕ್ಕೆ ವಾಲಿದ್ದರೆ ಹಿಂದಿನ ತೊಲೆಯೊಳಗಿನ ಬೇರಿಂಗ್ ಸವೆದಿದೆ ಎಂದರ್ಥ. ಅದರ ದುರಸ್ತಿ ಅಗ್ಗವಲ್ಲ.

1990ರ ಸುಮಾರಿಗೆ ಈ ಕಾರುಗಳಿಗೆ ಕೆಟ್ಟ ಕಾಲ ಬಂತು. ಬೀಗ ದುರ್ಬಲ, ವೇಗ ಹೆಚ್ಚು: ಕದ್ದು ಓಡಿಸಿ ಮೋಜು ಮಾಡುವ ಹುಡುಗರಿಗೆ ಹಾಟ್ ಹ್ಯಾಚ್ ಅಚ್ಚುಮೆಚ್ಚಾಯಿತು. ಬ್ರಿಟನ್ 1992ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನು ತರಬೇಕಾಯಿತು. ವಿಮೆಯ ಕಂತು ಯುವಕರ ಕೈಗೆಟುಕದಂತೆ ಏರಿತು. ಹಳೆಯ ಕಾರುಗಳು ಅಗ್ಗವಾದವು. ಅಗ್ಗವಾದದ್ದನ್ನು ಯಾರೂ ಜೋಪಾನ ಮಾಡಲಿಲ್ಲ. ಗುದ್ದಿದವು, ತುಕ್ಕು ತಿಂದವು, ಗುಜರಿ ಸೇರಿದವು ಹೋಗಿ ಉಳಿದವಕ್ಕೆ ಇಂದು ಬೆಲೆ. ಬೆಲೆ ಬಂದದ್ದರಿಂದಲೇ ಮೋಸವೂ ಬಂದಿದೆ. ಸಾಮಾನ್ಯ ಗಾಲ್ಫ್‌ಗೆ ಕೆಂಪು ಗೆರೆಯ ಜಾಲರಿ, ಚೌಕಳಿ ಬಟ್ಟೆಯ ಸೀಟು, ಗಾಲ್ಫ್ ಚೆಂಡಿನಂಥ ಗೇರ್ ಹಿಡಿ ಹಾಕಿ ಜಿಟಿಐ ಎಂದು ಮಾರುವವರಿದ್ದಾರೆ. ಆದ್ದರಿಂದ ಚಾಸಿ ಸಂಖ್ಯೆಯನ್ನು ದಾಖಲೆಯೊಡನೆ ಹೋಲಿಸಲೇಬೇಕು. ಬ್ರಿಟನ್ನಿನಲ್ಲಿ 2005ರಿಂದೀಚೆಗಿನ ವಾರ್ಷಿಕ ತಪಾಸಣೆಯ ವಿವರ ಯಾರು ಬೇಕಾದರೂ ನೋಡಲು ಸಿಗುತ್ತದೆ. ‘ಹೊಸ್ತಿಲಿನಲ್ಲಿ ತುಕ್ಕು’ ಎಂದು ಮೂರು ವರ್ಷ ಬರೆದು ನಾಲ್ಕನೆಯ ವರ್ಷ ಆ ಮಾತೇ ಇಲ್ಲವಾದರೆ, ಒಂದೋ ಒಳ್ಳೆಯ ಬೆಸುಗೆ ಆಗಿದೆ, ಇಲ್ಲವೇ ಒಳ್ಳೆಯ ಪುಟ್ಟಿ ಬಿದ್ದಿದೆ.

ಎರಡರಲ್ಲಿ ಯಾವುದೆಂದು ಹೇಳುವ ಉಪಕರಣ ನಿಮ್ಮ ಶಾಲೆಯಲ್ಲೇ ಇದೆ: ಅಯಸ್ಕಾಂತ. ಪುಟ್ಟಿಯ ಮೇಲೆ ಬಣ್ಣ ಬಳಿದರೆ ಕಣ್ಣಿಗೆ ವ್ಯತ್ಯಾಸ ಕಾಣದು. ಅಯಸ್ಕಾಂತಕ್ಕೆ ಮಾತ್ರ ಉಕ್ಕು ದೂರವಾದದ್ದು ಗೊತ್ತಾಗುತ್ತದೆ. ಹಳೆಯ ಕಾರು ಕೊಳ್ಳುವವರು ಅದನ್ನು ತೆಳು ಬಟ್ಟೆಯಲ್ಲಿ ಸುತ್ತಿ, ಬಣ್ಣಕ್ಕೆ ಗೀರಾಗದಂತೆ ತಗಡಿನ ಉದ್ದಕ್ಕೂ ಸರಿಸುತ್ತ ಹೋಗುತ್ತಾರೆ. ಇದನ್ನು ತರಗತಿಯಲ್ಲಿ ಅಳತೆಯ ಪ್ರಯೋಗವಾಗಿಯೇ ಮಾಡಬಹುದು. ಒಂದು ಉಕ್ಕಿನ ತಗಡು, ಒಂದು ಅಯಸ್ಕಾಂತ, ಒಂದು ಸ್ಪ್ರಿಂಗ್ ತಕ್ಕಡಿ ತೆಗೆದುಕೊಳ್ಳಿ. ತಗಡಿಗೆ ಅಂಟಿದ ಅಯಸ್ಕಾಂತವನ್ನು ತಕ್ಕಡಿಯ ಕೊಕ್ಕೆಯಿಂದ ನೇರವಾಗಿ ಎಳೆದು, ಬಿಡುವ ಕ್ಷಣದ ಬಲವನ್ನು ಗುರುತಿಸಿಕೊಳ್ಳಿ. ನಂತರ ನಡುವೆ ಒಂದು ಹಾಳೆ, ಎರಡು ಹಾಳೆ, ಐದು, ಹತ್ತು ಹೀಗೆ ಇಟ್ಟು ಮತ್ತೆ ಎಳೆಯಿರಿ. ಬರೆಯುವ ಕಾಗದದ ದಪ್ಪ ಸುಮಾರು 0.1 ಮಿ.ಮೀ. ದಪ್ಪಕ್ಕೆ ಎದುರಾಗಿ ಬಲದ ನಕ್ಷೆ ಎಳೆದರೆ ಅದು ನೇರಗೆರೆಯಾಗುವುದಿಲ್ಲ. ಮೊದಲ ಕೆಲವು ಹಾಳೆಗಳಲ್ಲೇ ಬಲ ಬೇಗ ಕುಸಿಯುತ್ತದೆ. ಕಾರಿನ ಬಣ್ಣ ಸಾಮಾನ್ಯವಾಗಿ ಒಂದೆರಡು ಹಾಳೆಯಷ್ಟು ದಪ್ಪ. ಪುಟ್ಟಿ ಹತ್ತು ಹಾಳೆಗೂ ಮೀರುತ್ತದೆ.